ಎರಡೆಲೆಯ ಕವಾಟ

ಕಲಾಸಿಪಾಳ್ಯದ ಸಂದಿಯಲ್ಲಿ, ಬೆಳಗಿನ ಆರೂವರೆಗೆ,
"ಒಂದು ದಿಲ್ ಕೊಡಿ, ಕತ್ತರಿಸಬೇಡಿ" ಎಂದೆ.
"ಇಡೀದಾ?" ಎಂದರು ಖುದ್ದೂಸ್ ಸಾಬ್
ಗಲ್ಲಾಪೆಟ್ಟಿಗೆಯ ಹಿಂದಿನಿಂದ.
"ಸಾರಿಗಲ್ಲ ಸಾಬ್, ಪರೀಕ್ಷೆಗೆ."

ಅಂಗಡಿಯಲ್ಲಿ ಅದರ ಹೆಸರು ದಿಲ್,
ಪಕ್ಕದ ತಟ್ಟೆಗಳಲ್ಲಿ ಕಲೇಜಿ, ಗುರ್ದಾ.
ನಮ್ಮ ಕಡೆ ಗುಂಡಿಗೆ.
ಅದು ಎಲ್ಲರಿಗೂ ಇರುವುದಿಲ್ಲ ಅನ್ನುತ್ತಿದ್ದಳು ಸೋದರತ್ತೆ.
ಸೆಲ್ವಮೇರಿ ಮೇಡಂ ಬೋರ್ಡಿನ ಮೇಲೆ ಬರೆದದ್ದು ಕಾರ್ಡಿಯಾ:
ಮುಂದೆ ಟ್ಯಾಕಿ ಹಚ್ಚಿದರೆ ಓಟ,
ಬ್ರಾಡಿ ಹಚ್ಚಿದರೆ ತೂಕಡಿಕೆ,
ಯಾವ ಹೆಸರಿಗಾದರೂ ಐಟಿಸ್ ಎಂಬ ಬಾಲ ಬಂದರೆ
ಅಲ್ಲಿ ಉರಿಯೂತ.
ರಾತ್ರಿಯೆಲ್ಲ ಉರು ಹೊಡೆದಿದ್ದೆ
ಬಡ್ಡಿ ಕಟ್ಟಿದ ಹಾಗೆ,
ಅಸಲು ಕರಗಿರಲಿಲ್ಲ.

ತಮ್ಮ ಮಸ್ತಾನ್ ಕತ್ತಿ ಎತ್ತಿದ. ಸಾಬರು ತಡೆದರು.
ಗೋಡೆಯ ಮೊಳೆಯಿಂದ ಉಕ್ಕಿನ ಬಲೆಯ ಗ್ಲೌಸು ತೆಗೆದು
ಎಡಗೈಗೆ ಏರಿಸಿ, ತಾವೇ ಎದ್ದು ಬಂದರು.
ನಾಲ್ಕು ವರ್ಷದಿಂದ ಕತ್ತಿ ಮುಟ್ಟಿರಲಿಲ್ಲವಂತೆ.

"ಈ ಗೋಡೆ ತೆಳು, ನೋಡಮ್ಮ.
ಪಕ್ಕದಲ್ಲೇ ಫೇಪ್ಡಾ, ಅಲ್ಲೀಗಂಟ ತಳ್ಳಿದರೆ ಸಾಕು.
ಈ ಕಡೇದು ದಪ್ಪ.
ಇದು ಗೊರಸಿನವರೆಗೂ ತಳ್ಳಬೇಕಲ್ಲ."
ಬಲ ಹೃತ್ಕುಕ್ಷಿ, ಎಡ ಹೃತ್ಕುಕ್ಷಿ ಎಂದು ಬರೆದುಕೊಂಡೆ,
ನೋಟ್‌ಬುಕ್ಕಿನ ಅಂಚಿಗೆ ಒಂದು ಹನಿ ತಾಗಿತು.
ಒಳಗೆ ಬಿಳಿಯ ನೂಲುಗಳು,
ಮಾರ್ಕೆಟ್ಟಿನಲ್ಲಿ ಹೂ ಕಟ್ಟುವವರು ಸೀಳಿದ
ಬಾಳೆನಾರಿನಷ್ಟು ಸಣ್ಣ,
ಎಲೆಗಳು ಹಿಂದಕ್ಕೆ ಮಗುಚದಂತೆ ಜಗ್ಗಿ ಹಿಡಿದಿದ್ದವು.

"ಬಲಕ್ಕೆ ಮೂರೆಲೆ, ಎಡಕ್ಕೆ ಎರಡು."
ಎರಡರ ಮೇಲೆ ಬೆರಳಿಟ್ಟು ಸುಮ್ಮನಾದರು.
"ನನ್ನದು ಕೆಟ್ಟಿದ್ದು ಇದೇ."

ಶರ್ಟಿನ ಎರಡು ಗುಂಡಿ ಬಿಚ್ಚಿದರು,
ಎದೆಯ ನಡುವೆ ನೆಟ್ಟಗೆ ಹೊಲಿಗೆಯ ಗುರುತು.
ಎಂಟು ವರ್ಷದ ಹುಡುಗನಿಗೆ ಗಂಟಲು ನೋವು,
ಆಮೇಲೆ ಮಂಡಿ ನೋವು, ಜ್ವರ,
ಆಟ ಆಡಿ ಬಿದ್ದಿರಬೇಕು ಅಂದುಕೊಂಡರಂತೆ ಮನೆಯಲ್ಲಿ.
ನಲವತ್ತಕ್ಕೆ, ಮೂರು ಮೆಟ್ಟಿಲು ಹತ್ತಿದರೆ ಉಸಿರಿಲ್ಲ.
ರುಮ್ಯಾಟಿಕ್: ಪುಟ ನೂರ ಹನ್ನೆರಡು,
ನಾನು ಹಳದಿ ಗೆರೆ ಎಳೆದದ್ದು.

ಪೂರ್ತಿ ತೆರೆಯದ ಬಾಗಿಲು ಸ್ಟೆನೋಸಿಸ್,
ಪೂರ್ತಿ ಮುಚ್ಚದ ಬಾಗಿಲು ರಿಗರ್ಜಿಟೇಶನ್.
"ನನಗೆ ಎರಡೂ ಇತ್ತು" ಎಂದು ನಕ್ಕರು,
"ಹಳೇ ಸಿಟಿ ಬಸ್ಸಿನ ಬಾಗಿಲು."
ಈಗ ಅಲ್ಲಿ ಲೋಹದ ಕವಾಟ.
ರಕ್ತ ಹೆಪ್ಪುಗಟ್ಟದಿರಲು ದಿನಾ ಸಂಜೆ ಮಾತ್ರೆ.
ಕಸುಬು ಕತ್ತಿಯದು, ಮಾತ್ರೆ ಇಂಥದ್ದು!
ಒಂದು ಗೀರಾದರೂ ಸುಲಭಕ್ಕೆ ನಿಲ್ಲದು.
ಅದಕ್ಕೇ ಗಲ್ಲಾಪೆಟ್ಟಿಗೆ, ಅದಕ್ಕೇ ಉಕ್ಕಿನ ಗ್ಲೌಸು,
ಅದಕ್ಕೇ ಮಸ್ತಾನ್ ಗಿರಾಕಿಗೆ ಚಿಲ್ಲರೆ ಕೊಡದೆ
ಅಣ್ಣನ ಬೆರಳುಗಳನ್ನೇ ನೋಡುತ್ತ ನಿಂತಿದ್ದ.

ಚೀಲದಲ್ಲಿ ಹೊಸ ಸ್ಟೆತಾಸ್ಕೋಪು ಇತ್ತು.
ಕೇಳಲು ನಾಚಿದೆ. ಅವರೇ ಕೇಳು ಅಂದರು.
ಬಾಗಿಲು ಮುಚ್ಚುವ ಸದ್ದೇ ಎದೆಬಡಿತ,
ಲಬ್ ಮೊದಲು, ಡಬ್ ಆಮೇಲೆ. ಪಾಠ ಇಷ್ಟೇ.
ಅವರ ಎದೆಯಲ್ಲಿ ಲಬ್ ಇರಬೇಕಾದ ಜಾಗದಲ್ಲಿ ಟಿಕ್,
ಡಬ್ ಮಾತ್ರ ಹುಟ್ಟಿನಿಂದ ಬಂದದ್ದು.
"ಮೊದಲ ತಿಂಗಳು ನಮ್ಮ ಮನೆಯವಳಿಗೆ ನಿದ್ದೆಯಿಲ್ಲ,
ಗೋಡೆ ಗಡಿಯಾರದ ಜೊತೆ ಮಲಗಿದ ಹಾಗಿದೆ ಅಂತಿದ್ದಳು.
ಈಗ ನಾನು ತುಮಕೂರಿಗೆ ಹೋಗಿ ಒಂದು ರಾತ್ರಿ ಉಳಿದರೆ
ನಿದ್ದೆಯಿಲ್ಲ."

ಹಾಸ್ಟೆಲಿನಲ್ಲಿ ಲಗಮವ್ವ, ಚಿತ್ರ ಮುಗಿದದ್ದೇ ತಡ,
ಮಂಚದ ಕೆಳಗಿನ ಕದ್ದ ಕಾಯಿಲ್ ಒಲೆ ತೆಗೆದು
ನಾಲ್ಕೂ ಕೋಣೆಗಳನ್ನು ಮೆಣಸು ಹಾಕಿ ಹುರಿದಳು.
ವಾರ್ಡನ್ನಿಗೆ ವಾಸನೆ ಹತ್ತಿತು, ದಂಡ ಇನ್ನೂರು.

ಪರೀಕ್ಷೆಯಲ್ಲಿ ಅದೇ ಬಂತು:
ಮೈಟ್ರಲ್ ಕವಾಟದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ.
ಹತ್ತಕ್ಕೆ ಏಳು.
ನೂಲುಗಳು ಹೆಚ್ಚಾದವು ಎಂದು
ಮೇಡಂ ಕೆಂಪು ಶಾಯಿಯಲ್ಲಿ ಬರೆದಿದ್ದರು.

ನಾನು ಎಣಿಸಿಯೇ ಬರೆದಿದ್ದೆ.